ಕೃಷ್ಣನಿಗೆ ಇಪ್ಪತ್ತು ಬಿದ್ದರೆ

“ಇದರಿಂದ ಲಾಭ ಎಂತದು?”

ಶಂಭಣ್ಣ ಏನನ್ನು ನೋಡಿದರೂ ಮೊದಲು ಕೇಳುವುದು ಇದನ್ನೇ. ಹೊಸ ಪಂಪ್‌ಸೆಟ್ ತೋರಿಸಿದರೂ ಇದೇ ಪ್ರಶ್ನೆ, ಹೊಸ ಅಳಿಯನನ್ನು ತೋರಿಸಿದರೂ ಇದೇ ಪ್ರಶ್ನೆ. ಈ ಸಲ ಅವರ ಮುಂದೆ ಇದ್ದದ್ದು ಒಂದು ರಟ್ಟಿನ ಪೆಟ್ಟಿಗೆ.

ಪೆಟ್ಟಿಗೆ ತಂದವನು ನನ್ನ ಅಕ್ಕನ ಮಗ ಪ್ರಸಾದ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನೊಳಗೆ ಹಾಕಿಕೊಂಡು ಮಳೆಗಾಲಕ್ಕೆ ಊರಿಗೆ ಬಂದಿದ್ದಾನೆ. ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಆಟಿ ತಿಂಗಳು, ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ಜನ ಸೇರುತ್ತಾರೆ. ಶಂಭಣ್ಣ, ಲೆಕ್ಕದ ಸುಧಾಕರ ಮಾಷ್ಟ್ರು, ದುಬೈ ಬಿಟ್ಟು ಬಂದು ಪೇಟೆಯಲ್ಲಿ ಅಡಿಕೆ ವ್ಯಾಪಾರ ಹಿಡಿದ ಅಬ್ಬಾಸಿಚ್ಚ, ಮತ್ತೆ ನಾನು. ಒಳಬಾಗಿಲಿನ ಹತ್ತಿರ ದೊಡ್ಡಮ್ಮ. ಅವರು ಆಡುವುದಿಲ್ಲ, ತೀರ್ಪು ಕೊಡುತ್ತಾರೆ.

“ಇದು ಕಟಾನ್ ಅಂತ, ಶಂಭು ಮಾವ. ಜರ್ಮನಿಯ ಆಟ. 1995ರಲ್ಲಿ ಬಂದದ್ದು. ಮಾಡಿದವರು ಕ್ಲೌಸ್ ಟಾಯ್ಬರ್ ಅಂತ, ಹಲ್ಲಿನ ಸೆಟ್ಟು ಮಾಡುವ ಕೆಲಸದವರು.”

“ಹಲ್ಲಿನವರಿಗೆ ಇದೆಲ್ಲ ಯಾಕೆ?”

“ಕೆಲಸ ಬೇಜಾರಾಗಿ ಮನೆಯಲ್ಲಿ ಕೂತು ಆಟ ಮಾಡ್ತಿದ್ದರಂತೆ.”

“ಬೆಲೆ?”

ಪ್ರಸಾದ ಹೇಳಿದ. ಶಂಭಣ್ಣ ಕಣ್ಣು ಮುಚ್ಚಿ ಅಡಿಕೆಯ ಲೆಕ್ಕಕ್ಕೆ ತಂದರು. “ಆರೇಳು ಕಿಲೋ! ಒಂದು ರಟ್ಟಿಗೆ ಆರೇಳು ಕಿಲೋ ಒಳ್ಳೇ ಅಡಿಕೆ!”

ಅಷ್ಟರಲ್ಲಿ ಹಲಸಿನ ಹಪ್ಪಳ ಬಂತು. ಪ್ರಸಾದ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡು ಎದ್ದು ನಿಂತ. ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಬಾರದಂತೆ. ಒಂದೊಂದು ಕಾರ್ಡಿಗೂ ತೆಳು ಪ್ಲಾಸ್ಟಿಕ್ಕಿನ ಅಂಗಿ ಹಾಕಿಸಿದ್ದಾನೆ. ಪೆಟ್ಟಿಗೆಯೊಳಗೆ ತೇವ ಹೀರುವ ಪುಡಿಯ ಸಣ್ಣ ಸಣ್ಣ ಚೀಲ ಇಟ್ಟಿದ್ದಾನೆ. ಆದರೂ ಒಂದು ಮೂಲೆಯಲ್ಲಿ ಬೂಸ್ಟು ಹಿಡಿದಿತ್ತು. ಆಟಿಯ ಮಳೆಗೆ ಜರ್ಮನಿ, ಜಪಾನ್ ಅಂತ ಭೇದ ಇಲ್ಲ.

ಶಂಭಣ್ಣ ಆ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪೆಟ್ಟಿಗೆಯ ಬಗ್ಗೆ ಅವರಿಗೆ ಮೊದಲ ಬಾರಿ ಆಸಕ್ತಿ ಬಂತು. “ಕೊಳೆರೋಗ. ಮೈಲುತುತ್ತು, ಸುಣ್ಣ ಕಲಸಿ ಒಂದು ಕೈ ಮದ್ದು ಬಿಡು. ನಲವತ್ತು ದಿನ ಬಿಟ್ಟು ಇನ್ನೊಂದು ಸಲ.”

ಆಟ ಶುರುವಾಯಿತು. ಕಟಾನ್ ಅಂದರೆ ಒಂದು ದ್ವೀಪ. ಆರು ಮೂಲೆಯ ಹತ್ತೊಂಬತ್ತು ಬಿಲ್ಲೆ ಜೋಡಿಸಿ ದ್ವೀಪ ಮಾಡುವುದು. ಮರುಭೂಮಿಯ ಒಂದು ಬಿಲ್ಲೆ ಬಿಟ್ಟರೆ ಉಳಿದ ಒಂದೊಂದರಲ್ಲೂ ಒಂದೊಂದು ಬೆಳೆ. ಮರ, ಇಟ್ಟಿಗೆ, ಕುರಿ, ಗೋಧಿ, ಅದಿರು. ಎರಡು ದಾಳ ಹಾಕಬೇಕು. ಬಿದ್ದ ಸಂಖ್ಯೆ ಯಾವ ಬಿಲ್ಲೆಯ ಮೇಲೆ ಉಂಟೋ ಆ ಬೆಳೆ, ಅಲ್ಲಿ ಮನೆ ಇದ್ದವರಿಗೆ. ಇಲ್ಲದ್ದನ್ನು ಬೇರೆಯವರ ಹತ್ತಿರ ಚೌಕಾಸಿ ಮಾಡಿ ತೆಗೆದುಕೊಳ್ಳಬೇಕು. ಮೊದಲು ಹತ್ತು ಪಾಯಿಂಟ್ ಮಾಡಿದವರು ಗೆದ್ದರು. ಮಾಷ್ಟ್ರಿಗೆ ದಾಳ ಕಂಡದ್ದೇ ಹುರುಪು ಬಂತು. “ಎರಡು ದಾಳಕ್ಕೆ ಮೂವತ್ತಾರು ದಾರಿ. ಅದರಲ್ಲಿ ಏಳು ಬೀಳ್ಲಿಕ್ಕೆ ಆರು ದಾರಿ. ಆರಕ್ಕೂ ಎಂಟಕ್ಕೂ ಐದೈದು. ಹನ್ನೆರಡಕ್ಕೆ ಒಂದೇ ಒಂದು. ಯಾರೂ ಹನ್ನೆರಡರಲ್ಲಿ ಮನೆ ಕಟ್ಟಬೇಡಿ.”

ಶಂಭಣ್ಣ ಹನ್ನೆರಡರಲ್ಲೇ ಕಟ್ಟಿದರು. “ರಾಶಿ ಹನ್ನೆರಡು, ತಿಂಗಳು ಹನ್ನೆರಡು. ನಿಮ್ಮ ಲೆಕ್ಕ ಶಾಲೆಗೆ ಆದೀತು ಮಾಷ್ಟ್ರೇ.”

ಮೊದಲ ದಾಳಕ್ಕೇ ಹನ್ನೆರಡು ಬಿತ್ತು. ಮಾಷ್ಟ್ರು ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಹನ್ನೆರಡು ಮತ್ತೆ ಬೀಳಲೂ ಇಲ್ಲ. ಆದರೆ ಆ ಹೊತ್ತಿಗೆ ಶಂಭಣ್ಣನ ಮುಖದಲ್ಲಿ ಬಂದ ಕಳೆ ಸಂಜೆವರೆಗೂ ಇಳಿಯಲಿಲ್ಲ.

ಚೌಕಾಸಿಯಲ್ಲಿ ಮಾತ್ರ ಅಬ್ಬಾಸಿಚ್ಚನ ಮುಂದೆ ಯಾರದ್ದೂ ನಡೆಯುವುದಿಲ್ಲ. ಕಾಸರಗೋಡಿಗೆ ಏಳು ಭಾಷೆಯ ಊರು ಅಂತ ಹೆಸರು. ಭಾಷಣ ಮಾಡುವವರಿಗೆ ಅದು ಹೆಮ್ಮೆ, ಅಬ್ಬಾಸಿಚ್ಚನಿಗೆ ಅದು ಬಂಡವಾಳ. ಎದುರಿನವನ ಮನೆಮಾತಿನಲ್ಲಿ ಕೇಳಿದರೆ ರೇಟು ಇಳಿಯುತ್ತದೆ ಅನ್ನುವುದು ಅವರ ಅಂಗಡಿಯ ಅನುಭವ. ಮಾಷ್ಟ್ರ ಹತ್ತಿರ ತುಳುವಿನಲ್ಲಿ ಗೋಧಿ ತೆಗೆದುಕೊಂಡರು. ಪ್ರಸಾದನಿಗೆ ಬೆಂಗಳೂರು ಕನ್ನಡದಲ್ಲಿ “ಗುರೂ” ಅಂದು ಮರ ಎಬ್ಬಿಸಿದರು. ಶಂಭಣ್ಣನ ಕಡೆಗೆ ತಿರುಗಿ ಒಳ್ಳೇ ಹವ್ಯಕದಲ್ಲಿ, “ಭಾವಾ, ಎರಡು ಕುರಿ ಕೊಡ್ತೆ, ಒಂದು ಇಟ್ಟಿಗೆ ಕೊಡು” ಅಂದರು.

“ಕುರಿ ತೆಗೆದುಕೊಂಡು ನಾನೆಂತ ಮಾಡುವುದು ಮಾರಾಯಾ!”

“ತಿನ್ಲಿಕ್ಕಲ್ಲ ಮಾವ, ಉಣ್ಣೆಗೆ.”

“ಈ ಸೆಕೆಯ ಊರಲ್ಲಿ ಉಣ್ಣೆ ಯಾರು ಹೊದೆಯುವುದು? ಇಟ್ಟಿಗೆಯೂ ಬೇಡ. ಮುರಕಲ್ಲು ಇದ್ದರೆ ಹೇಳಿ.”

ಗೆದ್ದದ್ದು ಅಬ್ಬಾಸಿಚ್ಚ. ಅತಿ ಉದ್ದದ ರಸ್ತೆ ಯಾರದ್ದೋ ಅವರಿಗೆ ಎರಡು ಪಾಯಿಂಟ್ ಜಾಸ್ತಿ. ಅದು ಅವರಿಗೇ ಹೋಯಿತು. “ನಮ್ಮ ಹೆದ್ದಾರಿಗಿಂತ ಬೇಗ ಮುಗಿಯಿತಲ್ಲ” ಅಂದರು ಮಾಷ್ಟ್ರು. ಸೋತವರು ಯಾವತ್ತೂ ದೇಶದ ಕಡೆಗೆ ತಿರುಗುತ್ತಾರೆ.

ಗೆದ್ದವರಿಗೆ ಹಳೇ ಕತೆ ನೆನಪಾಗುತ್ತದೆ. ಅಬ್ಬಾಸಿಚ್ಚನಿಗೆ ದುಬೈಯ ರೂಮು ನೆನಪಾಯಿತು. ಗುರುವಾರ ರಾತ್ರಿ ಇಸ್ಪೀಟಿನ ಇಪ್ಪತ್ತೆಂಟು. ಮೂವತ್ತೆರಡು ಎಲೆಯ ಆಟ. ಅದರಲ್ಲಿ ರಾಜನಿಗೂ ರಾಣಿಗೂ ಬೆಲೆ ಇಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. “ಗಲ್ಫಿಗೆ ಹೋದವನೇ ಮಾಡಿದ ಆಟ ಇದು” ಅಂತ ಅವರ ವಾದ. “ಬೇರೆ ಯಾರು ಗುಲಾಮನನ್ನು ಎಲ್ಲರಿಗಿಂತ ಮೇಲೆ ಇಡ್ತಾರೆ?” ಊರಲ್ಲಾದರೆ ಸೋತವನ ಕಿವಿಗೆ ಹಲಸಿನ ಎಲೆಯ ಕುಣುಕ್ಕು ತೂಗುಹಾಕುವುದು. ದುಬೈಯಲ್ಲಿ ಹಲಸಿನ ಎಲೆ ಎಲ್ಲಿಂದ? ಬಟ್ಟೆ ಒಣಗಿಸುವ ಕ್ಲಿಪ್ಪು. ಒಬ್ಬನಂತೂ ಕ್ಲಿಪ್ಪು ಸಮೇತ ಡ್ಯೂಟಿಗೆ ಹೋಗಿದ್ದನಂತೆ.

“ನಮ್ಮದು ಪ್ರಿನ್ಸ್ ಆಫ್ ಪರ್ಷಿಯಾ” ಅಂದೆ ನಾನು. ನಮ್ಮ ಕಾಲದ ಕಂಪ್ಯೂಟರ್ ಕ್ಲಾಸಿನಲ್ಲಿ ಅದು ಫ್ಲಾಪಿಯಲ್ಲಿ ಗುಟ್ಟಾಗಿ ಓಡಾಡುತ್ತಿತ್ತು. 1989ರ ಆಟ. ಅದರಲ್ಲಿ ರಾಜಕುಮಾರ ಓಡುವುದು, ಹಾರುವುದು ನಿಜ ಮನುಷ್ಯನ ಹಾಗೇ ಕಾಣುತ್ತಿತ್ತು. ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನೇ ಓಡಿಸಿ, ಹಾರಿಸಿ, ವಿಡಿಯೋ ಹಿಡಿದು ಅದನ್ನು ನೋಡಿ ಬಿಡಿಸಿದ್ದು. ತಮ್ಮ ಇದ್ದರೆ ಎಷ್ಟು ಉಪಯೋಗ ನೋಡಿ. ರಾಜಕುಮಾರಿಯನ್ನು ಬಿಡಿಸಲಿಕ್ಕೆ ಇದ್ದ ಸಮಯ ಅರವತ್ತು ನಿಮಿಷ. ನಮ್ಮ ಕ್ಲಾಸು ನಲವತ್ತೈದು ನಿಮಿಷ. ಇಡೀ ಬ್ಯಾಚಿನಲ್ಲಿ ಒಬ್ಬನೂ ಆ ಹುಡುಗಿಯ ಮುಖ ಹತ್ತಿರದಿಂದ ನೋಡಿದ್ದಿಲ್ಲ.

“ಹಾಗಾದರೆ ಲಾಭ ಎಂತ ಆಯಿತು?” ಶಂಭಣ್ಣ.

ಇಲ್ಲಿಗೆ ಮಾಷ್ಟ್ರು ನೆಟ್ಟಗೆ ಕೂತರು. ಆಟ ಆಡಿದರೆ ಬುದ್ಧಿ ಚುರುಕಾಗುತ್ತದೆ, ಲೆಕ್ಕ ಬರುತ್ತದೆ, ನೆನಪು ಉಳಿಯುತ್ತದೆ ಅಂತ ಪಟ್ಟಿ ಶುರು ಮಾಡಿದರು. ವಿಂಡೋಸಿನಲ್ಲಿ 1990ರಿಂದಲೇ ಸಾಲಿಟೇರ್ ಇಟ್ಟದ್ದು ಜನರಿಗೆ ಮೌಸ್ ಹಿಡಿದು ಎಳೆಯುವುದು ಅಭ್ಯಾಸ ಆಗಲಿ ಅಂತ, ಗೊತ್ತುಂಟಾ? ಶಾಲೆಯ ಆಫೀಸಿನಲ್ಲಿ ಅವರು ನಿವೃತ್ತಿಯವರೆಗೂ ಆ ಅಭ್ಯಾಸ ಮಾಡಿದ್ದಾರೆ. ಮೌಸ್ ಇನ್ನೂ ಪೂರ್ತಿ ಕೈಗೆ ಬಂದಿಲ್ಲ ಅನ್ನಿಸುತ್ತದೆ, ಮನೆಯಲ್ಲೂ ಮುಂದುವರಿಸಿದ್ದಾರೆ.

ನನಗೆ ಈ ಬುದ್ಧಿ ಚುರುಕಿನ ಮಾತು ಸೇರುವುದಿಲ್ಲ. ಆಡಿ ಖುಷಿಯಾಯಿತು ಅಂತ ಹೇಳಲಿಕ್ಕೆ ದೊಡ್ಡವರಿಗೆ ಯಾಕೆ ಇಷ್ಟು ನಾಚಿಕೆ? ಅದಕ್ಕೆ ಔಷಧಿಯ ಚೀಟಿ ಯಾಕೆ ಬೇಕು?

“ದೊಡ್ಡಮ್ಮ ಹೇಳಲಿ” ಅಂದೆ. “ನಿಮ್ಮ ಚೆನ್ನೆಮಣೆಯಿಂದ ಲಾಭ ಎಂತ?”

“ಎಂತದೂ ಇಲ್ಲ” ಅಂದರು ದೊಡ್ಡಮ್ಮ. “ಆಟಿಯಲ್ಲಿ ಹೊತ್ತು ಹೋಗ್ಲಿಕ್ಕೆ.”

ಒಂದು ಸಾಲಿಗೆ ಏಳು ಗುಳಿ, ಎರಡು ಸಾಲು. ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಒಂದು ಗುಳಿಯದ್ದು ಎತ್ತಿ ಒಂದೊಂದೇ ಹಾಕುತ್ತಾ ಹೋಗುವುದು. ಮುಗಿದಲ್ಲಿ ಮುಂದಿನ ಗುಳಿ ಖಾಲಿ ಇದ್ದರೆ ಅದರ ಆಚೆಯದ್ದು ನಮಗೆ. ಆಫ್ರಿಕಾದ ಘಾನಾದಲ್ಲೂ ಇಂಥದೇ ಗುಳಿ ಆಟ ಉಂಟು, ಓವಾರೆ ಅಂತ, ಫೋನಿನಲ್ಲೂ ಸಿಗ್ತದೆ ಅಂತ ಪ್ರಸಾದ ತೋರಿಸಲಿಕ್ಕೆ ಹೋದ. ದೊಡ್ಡಮ್ಮ ಕನ್ನಡಕ ಸರಿಮಾಡಿ ನೋಡಿದರು. “ಇದರಲ್ಲಿ ಕಾಯಿಯನ್ನು ಅದೇ ಎಣಿಸ್ತದಾ? ಹಾಗಾದರೆ ಕಳ್ಳಲೆಕ್ಕ ಮಾಡುವುದು ಹೇಗೆ?” ಅಂದರು. ಫೋನ್ ವಾಪಸು ಬಂತು.

“ಅಕ್ಕತಂಗಿ ಮಾತ್ರ ಎದುರುಬದುರು ಕೂತು ಆಡಬಾರದು” ಅಂತ ಸೇರಿಸಿದರು. ತುಳುವಿನ ಹಾಡುಗತೆ ಸಿರಿಯ ಪಾಡ್ದನದ ಅಬ್ಬಗ ದಾರಗರು ಅವಳಿ ಮಕ್ಕಳು. ಚೆನ್ನೆ ಆಡುತ್ತಾ ಜಗಳ ಹತ್ತಿ, ಒಬ್ಬಳು ಆ ಮಣೆಯನ್ನೇ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆದ ಕತೆ. “ನೋಡಿದಿರಾ, ವಿಡಿಯೋ ಗೇಮಿನಿಂದ ಮಕ್ಕಳು ಹಾಳಾಗ್ತಾರೆ ಅಂತಾರೆ” ಅಂದ ಪ್ರಸಾದ. “ಅಬ್ಬಗನ ಹತ್ತಿರ ಯಾವ ವಿಡಿಯೋ ಗೇಮ್ ಇತ್ತು?” ದೊಡ್ಡಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಸುಮ್ನೆ ಹಪ್ಪಳ ತಿಂದ. ಎಣ್ಣೆ ಕೈ ಆಯಿತು, ಕಾರ್ಡು ಮುಟ್ಟುವ ಹಾಗಿಲ್ಲ. ಹಾಗೆ ಲ್ಯಾಪ್‌ಟಾಪಿನ ಸರದಿ ಬಂತು.

ಶಂಭಣ್ಣನ ಬಾಳಿನಲ್ಲಿ ತಿರುವು ಬಂದದ್ದು ಇಲ್ಲಿ.

ಆಟದ ಹೆಸರು ಸ್ಟಾರ್ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನುವ ಅಮೇರಿಕದವನು ನಾಲ್ಕು ವರ್ಷಕ್ಕಿಂತ ಜಾಸ್ತಿ ಒಬ್ಬನೇ ಕೂತು ಚಿತ್ರ, ಸಂಗೀತ, ಪ್ರೋಗ್ರಾಮು ಎಲ್ಲ ಮಾಡಿ 2016ರಲ್ಲಿ ಬಿಟ್ಟದ್ದು. ಕತೆ ಏನೆಂದರೆ, ದೊಡ್ಡ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ಸಾಕಾದ ಒಬ್ಬ ಹುಡುಗ ಕೆಲಸ ಬಿಟ್ಟು, ಅಜ್ಜ ಬಿಟ್ಟುಹೋದ ಪಾಳುಬಿದ್ದ ಜಾಗಕ್ಕೆ ಬಂದು ಬೇಸಾಯ ಮಾಡುತ್ತಾನೆ.

ಶಂಭಣ್ಣ ಪ್ರಸಾದನನ್ನೇ ನೋಡಿದರು. “ನೋಡು. ಅಮೇರಿಕದವನಿಗೂ ಗೊತ್ತುಂಟು.”

“ಅದು ಆಟ, ಶಂಭು ಮಾವ.”

“ಗೊಬ್ಬರ ಎಂತ ಹಾಕ್ತಾರೆ?”

ಅಲ್ಲಿಂದ ಲ್ಯಾಪ್‌ಟಾಪ್ ಶಂಭಣ್ಣನ ಮಡಿಲಿಗೆ ಹೋಯಿತು. ಮೊದಲು ಹದಿನೈದು ಬೀಜ ಬಿಟ್ಟಿ ಸಿಗುತ್ತದೆ, ಮೂಲಂಗಿಯ ಹಾಗೆ ಕಾಣುವ ಒಂದು ಗಡ್ಡೆಯದ್ದು. ಬಿತ್ತಿ ನೀರು ಹಾಕಿದರೆ ನಾಲ್ಕೇ ದಿನಕ್ಕೆ ಬೆಳೆ. ಮಳೆ ಬಂದ ದಿನ ನೀರು ಹಾಕುವುದೇ ಬೇಡ. ಬೆಳೆದದ್ದನ್ನು ಮನೆ ಮುಂದಿನ ಒಂದು ಪೆಟ್ಟಿಗೆಗೆ ಹಾಕಿ ಮಲಗಿದರೆ, ಬೆಳಗ್ಗೆ ಏಳುವಾಗ ದುಡ್ಡು ಬಂದಿರುತ್ತದೆ.

“ಯಾರು ಕೊಂಡುಹೋಗುವುದು?”

“ಊರಿನ ಮೇಯರ್ ಬಂದು ತೆಗೆದುಕೊಂಡು ಹೋಗ್ತಾರೆ.”

“ಬಾಡಿಗೆ?”

“ಇಲ್ಲ.”

“ಧಾರಣೆ ಇಳಿದರೆ?”

“ಇಳಿಯುವುದಿಲ್ಲ. ಯಾವತ್ತೂ ಒಂದೇ ರೇಟು.”

ಶಂಭಣ್ಣ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಪುನಃ ಹಾಕಿಕೊಂಡರು. ಅಡಿಕೆ ವ್ಯಾಪಾರಿ ಅಬ್ಬಾಸಿಚ್ಚ ಕೆಮ್ಮಿದರು. ಅಂಥ ಊರು ಒಂದು ಇರಬಹುದು ಅನ್ನುವ ಸುದ್ದಿ ಬೆಳೆಗಾರರ ಕಿವಿಗೆ ಬೀಳುವುದು ಅವರಿಗೆ ಅಷ್ಟು ಹಿತ ಇದ್ದ ಹಾಗೆ ಕಾಣಲಿಲ್ಲ.

“ಮಂಗ ಉಂಟಾ?”

“ಮಂಗ ಇಲ್ಲ. ಕಾಗೆ ಉಂಟು. ಬೆರ್ಚಪ್ಪ ನಿಲ್ಲಿಸಿದರೆ ಬರುವುದಿಲ್ಲ.”

“ಹಂದಿ?”

“ನಾವೇ ಸಾಕಬಹುದು.”

“ಮಂಗ ಇಲ್ಲ, ಕಾಡುಹಂದಿ ಇಲ್ಲ, ಕೊಳೆರೋಗ ಇಲ್ಲ, ‘ನಾಳೆ ಬರ್ತೇನೆ’ ಅಂತ ಹೇಳಿ ಫೋನ್ ಆಫ್ ಮಾಡುವ ಕೊಯ್ಲಿನವನೂ ಇಲ್ಲ” ಅಂದರು ಶಂಭಣ್ಣ. “ಇದು ಬೇಸಾಯ ಅಲ್ಲ ಮಾರಾಯಾ, ಇದು ಸ್ವರ್ಗ. ಸ್ವರ್ಗಕ್ಕೆ ಲಾಭ ಕೇಳ್ಲಿಕ್ಕಿಲ್ಲ.”

ಮಾಷ್ಟ್ರು ನನ್ನ ಮುಖ ನೋಡಿದರು. ಎಷ್ಟೋ ವರ್ಷದಿಂದ ಕೇಳುತ್ತಿದ್ದ ಪ್ರಶ್ನೆಯನ್ನು ಆ ಮನುಷ್ಯ ತಾನೇ ಕೈಬಿಟ್ಟದ್ದಕ್ಕೆ ನಾವಿಬ್ಬರೂ ಸಾಕ್ಷಿ. ಆಮೇಲೆ ಅವರು ಮೊಮ್ಮಗನ ಹಳೇ ಕಂಪ್ಯೂಟರಿಗೆ ಆ ಆಟ ಹಾಕಿಸಿಕೊಂಡು ರಾತ್ರಿಯಿಡೀ ಆಲೂಗಡ್ಡೆಗೋ ಕುಂಬಳಕ್ಕೋ ನೀರು ಹಾಕುತ್ತಾರಂತೆ. ಆಟದೊಳಗಿನ ಮನುಷ್ಯ ರಾತ್ರಿ ಎರಡು ಗಂಟೆಯೊಳಗೆ ಮಲಗದಿದ್ದರೆ ಇದ್ದಲ್ಲೇ ಬಿದ್ದುಬಿಡುತ್ತಾನೆ. ಇದನ್ನು ಕೇಳಿದ ಶಂಭಣ್ಣನ ಹೆಂಡತಿ ಸರಸ್ವತಿಯಕ್ಕ “ನಮ್ಮ ಮನೆಯಲ್ಲಿ ಇರುವವರಿಗೆ ಆ ಏರ್ಪಾಡು ಮಾಡ್ಲಿಕ್ಕೆ ಆಗ್ತದಾ?” ಅಂತ ಪ್ರಸಾದನಿಗೆ ಫೋನ್ ಮಾಡಿ ವಿಚಾರಿಸಿದರು. ನಿಜವಾದ ತೋಟದಲ್ಲಿ ಪಂಪು ಹಾಳಾಗಿ ಬಿದ್ದಿದೆ.

ಮುಂದಿನ ಭಾನುವಾರ ಪ್ರಸಾದ ತೆಗೆದದ್ದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್. 1974ರ ಆಟ. ಇದರಲ್ಲಿ ಮಣೆ ಇಲ್ಲದಿದ್ದರೂ ನಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ವೇಷ. ಕತೆ ನಡೆಸಲಿಕ್ಕೆ ಒಬ್ಬ. ಅವನು ಸಂದರ್ಭ ಹೇಳುತ್ತಾನೆ, ಉಳಿದವರು ತಮ್ಮ ಪಾತ್ರದ ಮಾತನ್ನು ತಾವೇ ಹುಟ್ಟಿಸಿಕೊಂಡು ಆಡುತ್ತಾರೆ. ಕೈಗೂಡುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡಲಿಕ್ಕೆ ಇಪ್ಪತ್ತು ಮುಖದ ಒಂದು ದಾಳ.

ಪ್ರಸಾದ ಇನ್ನೂ ವಿವರಿಸುತ್ತಿದ್ದ. ಅಬ್ಬಾಸಿಚ್ಚ ತಡೆದರು. “ಹೆಚ್ಚು ಹೇಳಬೇಡ. ಇದು ತಾಳಮದ್ದಳೆ. ನೀನು ಭಾಗವತ, ನಾವು ಅರ್ಥಧಾರಿಗಳು.”

ಅಷ್ಟೇ ಸಾಕಾಯಿತು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರಿಗೆ ಇದಕ್ಕಿಂತ ಜಾಸ್ತಿ ನಿಯಮ ಹೇಳುವುದು ಬೇಡ. ವೇಷ ಹಾಕದೆ, ಕುಣಿಯದೆ, ಕೂತಲ್ಲೇ ಮಾತಾಡಿ ಬೆಳಗು ಮಾಡುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ತಾಳಮದ್ದಳೆಗೆ ಹೋಗಿ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬಂದವನ ಹತ್ತಿರ ಲಾಭ ಎಷ್ಟಾಯಿತು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಶಂಭಣ್ಣನೂ ಕೇಳಿದ್ದಿಲ್ಲ.

ತಕರಾರು ಬಂದದ್ದು ದಾಳದಲ್ಲಿ.

“ಒಬ್ಬ ಎಷ್ಟು ಚಂದ ಮಾತಾಡಿದರೂ ದಾಳ ಹಾಕಬೇಕಾ?” ಮಾಷ್ಟ್ರು ಕೇಳಿದರು.

“ಹಾಕಬೇಕು. ಎದುರಿನವನು ಒಪ್ತಾನಾ ಇಲ್ಲವಾ ಅಂತ ದಾಳ ಹೇಳ್ತದೆ.”

“ಹಾಗಾದರೆ ಕೃಷ್ಣ ಸಂಧಾನ ತೆಗೆದುಕೋ. ಕೃಷ್ಣನಿಗೆ ಇಪ್ಪತ್ತು ಬಿದ್ದರೆ?”

“ದುರ್ಯೋಧನ ಒಪ್ತಾನೆ.”

ಚಾವಡಿ ಗಲಿಬಿಲಿಯಾಯಿತು. ದುರ್ಯೋಧನ ಒಪ್ಪಿದರೆ ಐದು ಊರು ಕೊಟ್ಟ ಹಾಗೆ. ಐದು ಊರು ಕೊಟ್ಟರೆ ಕುರುಕ್ಷೇತ್ರ ಇಲ್ಲ. ಭೀಷ್ಮಪರ್ವ ಇಲ್ಲ, ಕರ್ಣಪರ್ವ ಇಲ್ಲ, ಗದಾಯುದ್ಧ ಇಲ್ಲ. ಒಂದು ದಾಳಕ್ಕೆ ಅರ್ಧ ಮೇಳ ಮನೆಗೆ ಹೋಗಬೇಕು. “ಭೀಮ ಪಾಪ, ದ್ರೌಪದಿಗೆ ಎಂತ ಹೇಳುವುದು?” ಅಂತ ಅಬ್ಬಾಸಿಚ್ಚನಿಗೆ ಚಿಂತೆ. “ಅದೇ ಈ ಆಟದ ರುಚಿ” ಅಂದ ಪ್ರಸಾದ, “ಕೊನೆ ಏನು ಅಂತ ಭಾಗವತನಿಗೂ ಗೊತ್ತಿಲ್ಲ.” ನನಗೆ ಈ ಮಾತು ತುಂಬಾ ಹಿಡಿಸಿತು. ಮಾಷ್ಟ್ರು ಮಾತ್ರ ಒಪ್ಪಲಿಲ್ಲ. ಮಹಾಭಾರತದಲ್ಲಿ ದಾಳ ಒಮ್ಮೆ ಬಿದ್ದದ್ದೇ ಸಾಕಾಗಿದೆ ಅಂದರು.

ಕೊನೆಗೆ ಕೃಷ್ಣನನ್ನು ಬಿಟ್ಟು, ಪುಸ್ತಕದಲ್ಲಿದ್ದ ವೇಷಗಳನ್ನೇ ಹಂಚಿದರು. ಮಾಷ್ಟ್ರು ಮಂತ್ರವಾದಿ. ಅಬ್ಬಾಸಿಚ್ಚ ಕಳ್ಳ. ವ್ಯಾಪಾರಿಗೆ ಈ ವೇಷ ಕೊಟ್ಟದ್ದು ಸರಿಯಲ್ಲ ಅಂತ ಬಾಯಲ್ಲಿ ಹೇಳಿದರೂ ಒಳಗೊಳಗೇ ಖುಷಿ ಇತ್ತು. ನಾನು ಬಿಲ್ಲುಗಾರ. ಶಂಭಣ್ಣನಿಗೆ ಗಡ್ಡದ ಕುಳ್ಳ ವೀರ.

ಗವಿಯ ಬಾಗಿಲಿಗೆ ಬಂದೆವು. “ಬಾಗಿಲು ಮುಚ್ಚಿದೆ. ಏನು ಮಾಡ್ತೀರಿ?” ಅಂತ ಪ್ರಸಾದ ಕೇಳಿದ. ಕೊಡಲಿಯಿಂದ ಒಡೆಯುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. ಶಂಭಣ್ಣ ಗಂಟಲು ಸರಿಮಾಡಿದರು. “ಎಲೈ ಕವಾಟವೇ!” ಅಂತ ಶುರು. ತನ್ನ ಕುಲ ಎಂಥದ್ದು, ಬಾಗಿಲೆಂದರೆ ಏನು, ಮುಚ್ಚುವುದು ಧರ್ಮವೋ ತೆರೆಯುವುದು ಧರ್ಮವೋ, ಹೊಸ್ತಿಲಿನ ಮೇಲೆ ಹಿರಣ್ಯಕಶಿಪುವಿಗೆ ಆದದ್ದೇನು. ಚಾ ಬಂದು ತಣಿಯಿತು. ಮಾಷ್ಟ್ರು ಬಾಗಿಲಿನ ಪರವಾಗಿ ಉತ್ತರ ಕೊಟ್ಟರು. ಅದಕ್ಕೆ ಶಂಭಣ್ಣ ಪ್ರತ್ಯುತ್ತರ ಕೊಟ್ಟರು. ಪ್ರಸಾದ ಎರಡು ಸಲ ದಾಳ ಮುಂದೆ ಮಾಡಿದ, ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಬ್ಬಾಸಿಚ್ಚ ಎದ್ದು, “ನೀವು ಮಾತಾಡ್ತಾ ಇರಿ, ನಾನು ಕಿಟಕಿಯಲ್ಲಿ ಹೋಗಿ ಬಂದೆ” ಅಂದರು. ಗವಿಗೆ ಕಿಟಕಿ ಇದೆ ಅಂತ ಪ್ರಸಾದ ಎಲ್ಲೂ ಹೇಳಿರಲಿಲ್ಲ. ಆದರೆ ಬೆಳಗಾಗುವ ಭಯಕ್ಕೆ ಕಿಟಕಿ ಕೊಟ್ಟ.

ಒಳಗೆ ಡ್ರ್ಯಾಗನ್. ಶಂಭಣ್ಣ ಮತ್ತೊಮ್ಮೆ ಗಂಟಲು ಸರಿಮಾಡಿದರು. ಇದಕ್ಕಾಗಿ ಆಗಲೇ ತಯಾರಾಗಿದ್ದರಂತೆ, ಜೇಬಿನಲ್ಲಿ ಚೀಟಿ ಇತ್ತು.

“ನನಗೂ ಒಂದು ವೇಷ ಕೊಡು” ಅಂದರು ದೊಡ್ಡಮ್ಮ ಬಾಗಿಲಿನಿಂದ. ಯಾರಿಗೂ ಬೇಡ ಅನ್ನುವ ಧೈರ್ಯ ಇಲ್ಲ. ಅವರು ಬಂದು ಮಣೆ ಹಾಕಿ ಕೂತು ಡ್ರ್ಯಾಗನ್ನಿಗೆ ಕೇಳಿದರು: “ಒಬ್ಬನೇ ಇರುವುದಾ ಮಗಾ? ಊಟ ಆಯಿತಾ? ಇವರನ್ನು ಆಚೆ ದಾಟಿಸು, ಇವರಿಗೆ ಕತ್ತಲೆಯ ಮೊದಲು ಮನೆಗೆ ಹೋಗ್ಲಿಕ್ಕುಂಟು.” ದಾಳ ಹಾಕಿದರು. ಇಪ್ಪತ್ತು.

“ಡ್ರ್ಯಾಗನ್ ಒಪ್ಪಿತು” ಅಂದ ಪ್ರಸಾದ.

“ಒಪ್ಪುವುದೆಂದರೆ ಎಂತದು?” ಶಂಭಣ್ಣ ಚೀಟಿ ಹಿಡಿದುಕೊಂಡೇ ಎದ್ದರು. ಮಾಷ್ಟ್ರು ಅಷ್ಟರಲ್ಲಿ ನಿಯಮದ ಪುಸ್ತಕ ಬಿಡಿಸಿದ್ದರು. ಇಪ್ಪತ್ತು ಬಿದ್ದರೆ ಖಂಡಿತ ಗೆಲುವು ಅನ್ನುವುದು ಏಟು ಹಾಕುವಾಗ ಮಾತ್ರವಂತೆ, ಮಾತಾಡಿ ಒಪ್ಪಿಸುವಾಗ ಅಲ್ಲವಂತೆ. ದೊಡ್ಡಮ್ಮ ಪುಸ್ತಕದ ಕಡೆಗೆ ನೋಡಲೂ ಇಲ್ಲ. ಅಬ್ಬಾಸಿಚ್ಚ ಡ್ರ್ಯಾಗನ್ ಕಾಯುತ್ತಿದ್ದ ಚಿನ್ನದಲ್ಲಿ ಕಮಿಷನ್ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದರು.

“ಪುಸ್ತಕದಲ್ಲೇ ಉಂಟಲ್ಲ! ಅದು ಒಪ್ಪಿದ್ದು ಲೆಕ್ಕ ಇಲ್ಲ ಭಾಗವತರೇ” ಅಂತ ಶಂಭಣ್ಣ ಪ್ರಸಾದನಿಗೇ ಕೈ ಮುಗಿದರು. “ಇನ್ನೊಂದು ಸಲ ಹಟ ಹಿಡಿಸಿ. ನನಗೆ ಅರ್ಧ ಗಂಟೆಯ ಅರ್ಥ ಬಾಕಿ ಉಂಟು!”